ಮುಂಗಡ ಸಾಕ್ಷಿ

ನಮ್ಮತ್ತೆ ಭೀಮಕ್ಕನ ಕೊರಳಿನ ಗಂಟನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನನ್ನ ಟೇಪು. ಬಸವಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅತ್ತೆ ಯಾವತ್ತೂ ಹಳೇ ರವಿಕೆಯೊಂದನ್ನು ಅಳತೆಗೆ ಎಸೆದು ಕೈ ತೊಳೆದುಕೊಳ್ಳುವವರು. ಆ ಸಲ ನವೆಂಬರಿನಲ್ಲೇ ಚಳಿ ಜೋರಾಗಿತ್ತು, ಕ್ರಿಸ್‌ಮಸ್ಸಿನ ರವಿಕೆಗೆ ಕಾಲರ್ ಇಡು ಅಂತ ತಾವೇ ಬಂದು ನಿಂತರು. ಕೊರಳಿಗೆ ಟೇಪು ಸುತ್ತಿದರೆ ಹೆಬ್ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಹುಣಸೆಬೀಜಕ್ಕಿಂತ ದೊಡ್ಡದು, ನೆಲ್ಲಿಕಾಯಿಗಿಂತ ಚಿಕ್ಕದು. ಉಗುಳು ನುಂಗಿ ಅತ್ತೆ ಅಂದೆ. ನುಂಗಿದರು. ಗಂಟು ಮೇಲೆ ಹೋಗಿ ಕೆಳಗೆ ಬಂತು. ಅಳತೆ ಪುಸ್ತಕದಲ್ಲಿ ಹದಿನಾಲ್ಕೂಕಾಲು ಇಂಚು ಅಂತ ಬರೆದುಕೊಂಡೆ.

ಬೇರೆ ಯಾವ ಜಾಗದಲ್ಲಿ ಗಂಟು ಬಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ. ನಮ್ಮತ್ತೆಯ ಕೊರಳು ಅಂದರೆ ನಮ್ಮ ಕ್ರೈಸ್ತ ಸಭೆಯ ಕೊರಳು. ಚನ್ನಗಿರಿ ರಸ್ತೆಯಲ್ಲಿ ತಗಡಿನ ಮಾಡು ಹಾಕಿದ ಒಂದು ಹಾಲ್ ಇದೆ, ಭಾನುವಾರ ತುಂಬಿದರೆ ನಲವತ್ತು ಜನ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬಾರದು. ಅತ್ತೆ ಮುಂದೆ ನಿಂತು ಒಂದು ಸಾಲು ಹೇಳುತ್ತಾರೆ, ಜನ ಅದನ್ನು ತಿರುಗಿಸಿ ಹಾಡುತ್ತಾರೆ, ಮತ್ತೊಂದು ಸಾಲು ಹೇಳುತ್ತಾರೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಹುಡುಗಿಯಾಗಿದ್ದಾಗ ಜಗಳೂರಿನ ಕಡೆ ಶೇಂಗಾ ಕೀಳಲು ಹೋದವರಿಗೆ ಅಲ್ಲಿಯ ನರ್ಸಮ್ಮ ಒಬ್ಬರು ಕೆಲವು ಹಾಡು ಕಲಿಸಿದ್ದರಂತೆ. ಉಳಿದವನ್ನು ಭತ್ತ ನಾಟಿ ಮಾಡುತ್ತಾ ಮಾಡುತ್ತಾ ಅತ್ತೆಯೇ ಕಟ್ಟಿದ್ದು. ಅತ್ತೆಗೂ ಅಕ್ಷರ ಬಾರದು. ಆ ಹಾಡುಗಳು ಆ ಕೊರಳು ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ನಾನು ಕೂರುವುದು ಸಭೆಯ ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ, ಚಪ್ಪಲಿಗಳ ಹತ್ತಿರ. ಕೊನೆಯ ಆಮೆನ್ ಹೇಳಿ ಮುಗಿಯುವಷ್ಟರಲ್ಲಿ ನನ್ನ ಕಾಲು ನನ್ನ ಚಪ್ಪಲಿಯಲ್ಲಿರುತ್ತದೆ. ಉಳಿದವರೆಲ್ಲ ಎಡದ ಕಾಲಿನದು ಸಿಕ್ಕಿತು ಬಲದ್ದು ಇಲ್ಲ ಅಂತ ತಡಕಾಡುವ ಹೊತ್ತಿಗೆ ನಾನು ಅರ್ಧ ದಾರಿ ಸವೆಸಿರುತ್ತೇನೆ. ಹೀಗೆ ಕೂರುವುದಕ್ಕೆ ಕಾರಣವಿದೆ, ಮತ್ತು ಆ ಕಾರಣಕ್ಕೆ ಹನ್ನೊಂದು ವರ್ಷ ವಯಸ್ಸು.

ಹಾಡು ಮುಗಿದು ಪಾಸ್ಟರ್ ಪ್ರಸಂಗ, ಅಂದರೆ ಉಪದೇಶ, ಶುರುವಾಗುವ ಮೊದಲು ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿ. ಜ್ವರ ಇಳಿಯಿತು, ಹಸು ಸಲೀಸಾಗಿ ಕರು ಹಾಕಿತು, ಮಗಳು ಪರೀಕ್ಷೆ ಪಾಸಾದಳು, ದೇವರಿಗೆ ಸ್ತೋತ್ರ ಅಂತ ಎದ್ದುನಿಂತು ಹೇಳಿ ಕೂರುತ್ತಾರೆ. ಇದು ಒಳ್ಳೆಯದೇ, ನನ್ನ ತಕರಾರಿಲ್ಲ. ಇನ್ನೊಂದು ಬಗೆಯೂ ಇದೆ. ಆಗದೇ ಇರುವುದನ್ನು ಆಯಿತು ಅಂತ ನಂಬಿ ಮೊದಲೇ ಹೇಳಿಬಿಡುವುದು. ಹಾಗೆ ಹೇಳಿದರೆ ನಂಬಿಕೆ ಗಟ್ಟಿಯಾಗುತ್ತದೆ, ದೇವರು ಬೇಗ ಕೊಡುತ್ತಾನೆ ಅಂತ ನಮ್ಮವರ ಲೆಕ್ಕಾಚಾರ. ನಾನು ಅದಕ್ಕೆ ಮುಂಗಡ ಸಾಕ್ಷಿ ಅಂತ ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲೇ.

ನಾನೂ ಒಂದು ಹೇಳಿದ್ದೆ. ನನ್ನ ತವರು ನ್ಯಾಮತಿ, ನಮ್ಮ ಮನೆಯಲ್ಲಿ ಯಾರೂ ಸಭೆಯ ಮುಖ ನೋಡಿದವರಲ್ಲ. ಪರಶುರಾಮ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದು ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಒಂದು ಭಾನುವಾರ ಅತ್ತೆ ಮುಂದಿನಿಂದ ಎದ್ದು ಬಂದು ನನ್ನ ಕೈ ಹಿಡಿದು ಎಬ್ಬಿಸಿದರು. ಹೇಳವ್ವಾ, ನಂಬಿ ಹೇಳು ಅಂದರು. ಬರುವ ಕ್ರಿಸ್‌ಮಸ್ಸಿಗೆ ಮಗು ಎತ್ತಿಕೊಂಡು ಬರುತ್ತೇನೆ, ದೇವರು ಆಗಲೇ ಕೊಟ್ಟಾಯಿತು ಅಂತ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಸಭೆಯ ಹಿರಿಯಳು ಶಂಕರಮ್ಮ ಮರುವಾರವೇ ಒಂದು ಹಳದಿ ಕುಲಾವಿ ಹೆಣೆದು ತಂದಳು. ಆ ಕ್ರಿಸ್‌ಮಸ್ ಬಂತು, ಹೋಯಿತು. ಆಮೇಲೆ ಹತ್ತು ಬಂದವು. ಯಾರೂ ಕೆಣಕಲಿಲ್ಲ, ಯಾರೂ ಕೇಳಲಿಲ್ಲ. ಅದು ಅವರ ಒಳ್ಳೆಯತನವೇ ಇರಬಹುದು. ಆದರೆ ನಾನು ಹೇಳಿದ ಮಾತು ಅಲ್ಲೇ ಆ ತಗಡಿನ ಕೆಳಗೆ ನೇತಾಡುತ್ತಾ ಉಳಿಯಿತು, ಅದನ್ನು ಇಳಿಸುವುದು ಹೇಗೆ ಅಂತ ಯಾರೂ ನನಗೆ ಹೇಳಿಕೊಡಲಿಲ್ಲ. ನಾನು ಸಾಲು ಸಾಲಾಗಿ ಹಿಂದೆ ಸರಿದು ಚಪ್ಪಲಿಗಳ ಹತ್ತಿರ ಬಂದು ಕೂತೆ.

ಇರಲಿ, ಗಂಟಿನ ವಿಷಯಕ್ಕೆ ಬರುತ್ತೇನೆ. ಚನ್ನಗಿರಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ, ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಹತ್ತು ದಿನ ಅಂದರು. ಸಭೆಯವರು ಮೂರು ದಿನ ಉಪವಾಸ ಪ್ರಾರ್ಥನೆ ಇಟ್ಟರು. ಮೂರನೇ ದಿನದ ಮಾರನೆಯ ಭಾನುವಾರ ವಿನೋದ್ ಪಾಸ್ಟರ್ ಸಾಕ್ಷಿ ಯಾರದಿದೆ ಅಂತ ಕೇಳಿದಾಗ ನಲವತ್ತು ಜೊತೆ ಕಣ್ಣು ನಮ್ಮತ್ತೆಯ ಕಡೆ ತಿರುಗಿದವು. ಉಪವಾಸದಿಂದ ಎಲ್ಲರ ಮುಖವೂ ಬಾಡಿತ್ತು. ಅತ್ತೆ ಎದ್ದರು. ಕೊರಳ ಮೇಲೆ ಕೈ ಇಟ್ಟುಕೊಂಡು, ಗಂಟು ಕರಗಿದೆ, ಕರ್ತನು ಮುಟ್ಟಿದ್ದಾನೆ ಅಂದರು.

ಹಾಲ್ ಪೂರ್ತಿ ಸ್ತೋತ್ರ ಸ್ತೋತ್ರ ಅಂತ ಮೊಳಗಿತು. ಅವತ್ತು ಮಧ್ಯಾಹ್ನ ಶಂಕರಮ್ಮ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಹಂಚಿದಳು. ಮನೆಗೆ ಬಂದ ಮೇಲೆ ನಾನು ಮಾತಾಡದೆ ಟೇಪು ತಂದು ಅತ್ತೆಯ ಕೊರಳಿಗೆ ಸುತ್ತಿದೆ. ಹದಿನಾಲ್ಕೂಕಾಲು. ಅತ್ತೆ ಟೇಪನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನಾನಾದರೂ ಬಾಯಿ ಬಿಡಬಹುದಿತ್ತು. ಊರಿಗೆಲ್ಲ ಬಾಯಿ ಮಾಡುವ ನಾನು ಅವತ್ತು ಮಾತ್ರ ಸುಮ್ಮನಿದ್ದೆ, ಯಾಕೆಂದರೆ ಆ ಮುಖ ನನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ನನ್ನದೂ ಹಾಗೇ ಇದ್ದಿರಬೇಕು.

ಫಲಿತಾಂಶ ಬಂದ ಮೇಲೆ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಅಲ್ಲಿಯ ಸರ್ಜನ್ ಪುಣ್ಯಾತ್ಮ, ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಹಾಳೆಯ ಮೇಲೆ ಕೊರಳು ಬರೆದು, ಗಂಟು ಬರೆದು, ಅದರ ಹಿಂದೆ ನೂಲಿನಂಥ ಒಂದು ಗೆರೆ ಎಳೆದರು. ಇದು ದನಿಯ ನರ ಅಂದರು. ಕ್ಯಾನ್ಸರ್ ಗಂಟು, ತೆಗೆದರೆ ಪೂರ್ತಿ ವಾಸಿಯಾಗುವ ಜಾತಿಯದು, ಆದರೆ ತಿಂಗಳು ಒಂದೂವರೆ ತಿಂಗಳಿಗಿಂತ ತಡ ಮಾಡಬೇಡಿ ಅಂದರು. ಗಂಟು ನರಕ್ಕೆ ಅಂಟಿಕೊಂಡಿದೆ, ಉಳಿಸಲು ನೋಡುತ್ತೇವೆ, ಆಗದಿದ್ದರೆ ದನಿ ಹೋಗಬಹುದು, ಹೋದದ್ದು ಆರು ತಿಂಗಳಿಗೆ ತಿರುಗಿ ಬಂದರೂ ಬರಬಹುದು, ಬಾರದೆಯೂ ಇರಬಹುದು. ಕ್ಯಾನ್ಸರ್ ಅಂದಾಗ ಪರಶುರಾಮ್ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅತ್ತೆ ಕೇಳಿದ್ದು ಒಂದೇ ಮಾತು.

"ಹಾಡಾಕೆ ಆಗ್ತೈತಾ, ಸಾರ್?"

ಹೇಳಲಾಗದು ಅಮ್ಮ ಅಂದರು ಡಾಕ್ಟರು. ಸುಳ್ಳು ಹೇಳದ ಮನುಷ್ಯ ಅಂತ ನನಗೆ ಅವರ ಮೇಲೆ ಗೌರವ ಬಂತು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅತ್ತೆ ಆಪರೇಷನ್ ಬೇಡ ಅಂದರು. ದನಿ ಹೋಗುತ್ತದೆ ಅನ್ನುವ ಭಯ ಅಂತ ನಾವು ತಿಳಿದೆವು. ಆ ಭಯ ಇಲ್ಲದೆ ಇರಲಿಲ್ಲ, ಆದರೆ ಅವರನ್ನು ಕಟ್ಟಿಹಾಕಿದ್ದು ಅದಲ್ಲ, ಆ ಸಾಕ್ಷಿ. ವಾಸಿಯಾಯಿತು ಅಂತ ದೇವರ ಹೆಸರು ಹಿಡಿದು ಹೇಳಿ ಆಗಿದೆ. ಊರೆಲ್ಲ ಸುದ್ದಿಯಾಗಿದೆ, ಬಸ್ ಸ್ಟ್ಯಾಂಡಿನ ಹೋಟೆಲಿನವನು ಕೂಡ ಏನಮ್ಮಾ ನಿಮ್ಮ ದೇವರು ಗಂಟು ಕರಗಿಸಿದನಂತಲ್ಲ ಅಂತ ನನ್ನನ್ನು ಕೇಳಿದ್ದ. ಈಗ ಹೋಗಿ ಕೊರಳು ಕೊಯ್ಯಿಸಿಕೊಂಡರೆ ದೇವರನ್ನೇ ಸುಳ್ಳುಗಾರನನ್ನಾಗಿ ಮಾಡಿದ ಹಾಗಲ್ಲವೇ ಅನ್ನುವುದು ಅತ್ತೆಯ ಸಂಕಟ. ದೇವರ ಮಾನ ಕಾಯಲು ತಮ್ಮ ಪ್ರಾಣ ಕೊಡಲು ಹೊರಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಉರಿಗೆ ತುಪ್ಪ ಸುರಿಯಲು ಶಂಕರಮ್ಮ ಬಂದಳು. ಅವಳೇನು ಕೆಟ್ಟವಳಲ್ಲ, ಯಾರಿಗೆ ಹುಷಾರಿಲ್ಲದಿದ್ದರೂ ಗಂಜಿ ಹೊತ್ತುಕೊಂಡು ಹೋಗುವ ಹೆಂಗಸು. ಆದರೆ ಅವತ್ತು ಕಟ್ಟೆಯ ಮೇಲೆ ಕೂತು, ಸಾಕ್ಷಿ ಹೇಳಿದ ಮೇಲೂ ಗಂಟು ಉಳಿದಿದೆ ಅಂದರೆ ಮನೆಯಲ್ಲಿ ಯಾರದೋ ಅಪನಂಬಿಕೆ ಅಡ್ಡ ಬಂದಿರಬೇಕು ಅಂದಳು. ಹೇಳುವಾಗ ಅವಳ ಕಣ್ಣು ಅಡುಗೆಮನೆಯ ಕಡೆ ಇತ್ತು, ಅಡುಗೆಮನೆಯಲ್ಲಿ ನಾನಿದ್ದೆ. ನಾನು ಸೌಟು ಹಿಡಿದೇ ಹೊರಗೆ ಬಂದೆ. ನಿನ್ನ ಮೊಣಕಾಲು ನೋವಿಗೆ ನೀನು ಹೊನ್ನಾಳಿಗೆ ಹೋಗಿ ಚುಚ್ಚಿಸಿಕೊಂಡು ಬರುವುದಿಲ್ಲವಾ, ಆಗ ಯಾರ ಅಪನಂಬಿಕೆ ಅಂತ ಕೇಳಿದೆ. ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು. ಅತ್ತೆ ನನ್ನನ್ನು ಬೈಯಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಪಾಸ್ಟರನ್ನು ನಾನೇ ಕರೆಸಿದೆ. ಹೊನ್ನಾಳಿಯ ಹುಡುಗ, ಮೂವತ್ತು ತುಂಬಿಲ್ಲ, ಸಭೆ ವಹಿಸಿಕೊಂಡು ಎರಡೇ ವರ್ಷ. ಅತ್ತೆಯ ಎದುರು ಕೂತು ಪ್ರಾರ್ಥನೆ ಮಾಡಿದ, ಹೋಗಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಗೇಟಿನ ಹತ್ತಿರ ನಾನು ತಡೆದು ನಿಲ್ಲಿಸಿದೆ. ಸಾಕ್ಷಿ ಕೇಳಿದ್ದು ನೀವು, ಈಗ ಆಪರೇಷನ್ ಮಾಡಿಸಿಕೊಳ್ಳಿ ಅಂತ ಹೇಳಬೇಕಾದವರೂ ನೀವೇ ಅಂದೆ. ಅಕ್ಕಾ, ನನಗೂ ಭಯ ಆಗುತ್ತದೆ, ಏನು ಹೇಳಿದರೂ ತಪ್ಪಾಗುತ್ತೆ ಅಂತ ಭಯ ಅಂದ.

ಹೀಗೆ ಮೂರು ವಾರ ಕಳೆದವು. ಶುಕ್ರವಾರ ಶುಕ್ರವಾರ ನಾನು ಟೇಪು ಹಾಕುತ್ತಿದ್ದೆ. ಹದಿನಾಲ್ಕೂವರೆ ಆಯಿತು. ಮನೆಯಲ್ಲಿ ಒಬ್ಬರೇ ಕೂತರೆ ಯೋಚನೆ ಹೆಚ್ಚಾಗುತ್ತದೆ ಅಂತ ಅತ್ತೆಯನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಸ್ಟೂಲಿನ ಮೇಲೆ ಕೂತು ಹುಕ್ಸು ಹಚ್ಚುವುದು, ಹೆಮ್ಮಿಂಗ್ ಮಾಡುವುದು ಅವರ ಕೆಲಸ. ಕೆರೆಬಿಳಚಿಯ ಒಂದು ಮದುವೆ ಮನೆಯ ರವಿಕೆಗಳು ಬಂದಿದ್ದವು. ಸಿಟ್ಟಿನಲ್ಲಿ ಮಿಷನ್ ತುಳಿದರೆ ಏನಾಗುತ್ತದೋ ಅದೇ ಆಯಿತು. ಮದುಮಗಳ ರೇಷ್ಮೆ ರವಿಕೆಗೆ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಹಚ್ಚಿ, ಎರಡೆರಡು ಹೊಲಿಗೆ ಹಾಕಿ ಮುಗಿಸಿಬಿಟ್ಟಿದ್ದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲನೇ ಸಲ.

ಅತ್ತೆ ಆ ರವಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬ್ಲೇಡು ಬೇಡ, ರೇಷ್ಮೆ ಹರಿಯುತ್ತೆ ಅಂತ ಸೂಜಿ ಹಿಡಿದು ಒಂದೊಂದೇ ಹೊಲಿಗೆ ಎಬ್ಬಿಸಿ ಬಿಚ್ಚತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, ಬಿಚ್ಚಿದ್ದು ಗಿರಾಕಿಗೆ ಗೊತ್ತಾಗುತ್ತದಾ ಅಂತ ಕೇಳಿದರು. ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ತೂತು ಮುಚ್ಚಿಕೊಳ್ಳುತ್ತವೆ, ಬಿಚ್ಚದೆ ಹಾಗೇ ಕೊಟ್ಟರೆ ಮಾತ್ರ ಮದುವೆ ಚಪ್ಪರದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಅಂದೆ. ಎರಡೂ ತೋಳು ಬಿಚ್ಚಿ, ನೂಲಿನ ಚೂರುಗಳನ್ನೆಲ್ಲ ಆರಿಸಿ ಅಂಗೈಯಲ್ಲಿ ಉಂಡೆ ಮಾಡಿಕೊಂಡರು. ಆಮೇಲೆ ಬಾಯಿ ಬಿಟ್ಟರು.

"ಜ್ಯೋತಿ, ಅವತ್ತು ನಾನು ಹೇಳಿದ್ದು ದೇವ್ರು ಹೇಳಿಸಿದ್ದಲ್ಲ ಕಣವ್ವಾ. ಎಲ್ರೂ ಹಸ್ಕೊಂಡು ಕೂತಿದ್ರು, ನನ್ನೇ ನೋಡ್ತಿದ್ರು. ಬರಿಗೈಲಿ ಕಳ್ಸಾಕೆ ಮನಸು ಬರ್ಲಿಲ್ಲ. ಹೇಳಿಬಿಟ್ಟೆ."

ಇಷ್ಟು ದಿನ ನಾನು ಕಾದದ್ದು ಈ ಮಾತಿಗೇ. ಕೇಳಿದಾಗ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ. ಅರವತ್ತೆಂಟು ವರ್ಷದ ಹೆಂಗಸು ನೂಲಿನ ಉಂಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ, ನೋಡಿ ಮರುಕ ಬಂತು. ಮಿಷನ್ ಬಿಟ್ಟು ಎದ್ದು ಹೋಗಿ ಟೀ ತಂದೆ.

ಕ್ರಿಸ್‌ಮಸ್ಸಿಗೆ ಮೊದಲಿನ ಭಾನುವಾರ ಪಾಸ್ಟರ್ ಸಾಕ್ಷಿ ಯಾರದು ಅಂತ ಕೇಳುವ ಮೊದಲೇ ಅತ್ತೆ ಎದ್ದರು. ದನಿ ಎಂದಿನದೇ, ಗದ್ದೆಯ ಆಚೆಗೂ ಕೇಳುವ ದನಿ.

"ಹೋದ ತಿಂಗಳು ನಾನು ಹೇಳಿದ ಸಾಕ್ಷಿ ವಾಪಸ್ ತಗೊಂತೀನಿ. ನಾನು ಅವಸರ ಬಿದ್ದೆ. ಗಂಟು ಐತೆ. ದೇವ್ರೂ ಅದಾನೆ. ಎರಡೂ ನಿಜ. ನಾನು ಆಪರೇಷನ್ ಮಾಡಿಸ್ಕೊಂತೀನಿ, ನಿಮಗೆ ಇಷ್ಟ ಇದ್ರೆ ಪ್ರಾರ್ಥನೆ ಮಾಡ್ರಿ."

ಇಷ್ಟು ಹೇಳಿ ಕೂತರು. ಆಮೆನ್ ಅನ್ನಬೇಕೋ ಬೇಡವೋ ಅಂತ ಯಾರಿಗೂ ತಿಳಿಯಲಿಲ್ಲ. ನಮ್ಮ ಸಭೆಯಲ್ಲಿ ಸಾಕ್ಷಿ ಹೇಳಿದವರುಂಟು, ವಾಪಸ್ ತೆಗೆದುಕೊಂಡವರು ಯಾರೂ ಇರಲಿಲ್ಲ. ಶಂಕರಮ್ಮ ಮುಖ ತಿರುಗಿಸಿದಳು. ಪಾಸ್ಟರ್ ಎರಡು ನಿಮಿಷ ಪುಸ್ತಕದ ಹಾಳೆ ಮಗುಚುತ್ತಾ ನಿಂತು, ಕೊನೆಗೆ ಅದನ್ನು ಮುಚ್ಚಿಟ್ಟು, ಅಮ್ಮ ನನಗಿಂತ ಚೆನ್ನಾಗಿ ಪ್ರಸಂಗ ಮಾಡಿದ್ದಾರೆ, ಇವತ್ತು ಪ್ರಾರ್ಥನೆಯಷ್ಟೇ ಅಂದ. ಅವನ ಮೇಲೆ ನನಗಿದ್ದ ಸಿಟ್ಟು ಅಂದಿಗೆ ಮುಗಿಯಿತು.

ಆಪರೇಷನ್ ಜನವರಿ ಎರಡನೇ ವಾರಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ಪ್ರತಿ ಮಧ್ಯಾಹ್ನ ಅಂಗಡಿಯಲ್ಲಿ ಅತ್ತೆ ಹಾಡಿದರು, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಎಡಗಡೆ ಹಾಳೆಯಲ್ಲಿ ಎದೆ, ಸೊಂಟ, ತೋಳು, ಬಲಗಡೆ ಹಾಳೆಯಲ್ಲಿ ಹಾಡು. ಅರವತ್ತೆರಡು ಹಾಡಾದವು. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು, ಅವುಗಳಲ್ಲಿ ಎಷ್ಟೋ ಹಾಡಿನ ಮಾತನ್ನು ನಾನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ಕ್ರಿಸ್‌ಮಸ್ಸಿನ ದಿನ ಅತ್ತೆ ಸಭೆಯಲ್ಲಿ ಎರಡು ಗಂಟೆ ಹಾಡಿದರು, ಕಾಲರ್ ರವಿಕೆ ಹಾಕಿಕೊಂಡು. ಪರಶುರಾಮ್ ಮೊಬೈಲು ಹಿಡಿದು ನಿಂತಿದ್ದ, ರೆಕಾರ್ಡು ಮಾಡಿದ್ದಕ್ಕಿಂತ ಕಣ್ಣೊರೆಸಿಕೊಂಡದ್ದೇ ಹೆಚ್ಚು.

ಆಪರೇಷನ್ ಐದು ಗಂಟೆ ನಡೆಯಿತು. ಗಂಟು ಪೂರ್ತಿ ಬಂದಿದೆ, ಜೀವಕ್ಕೆ ಭಯವಿಲ್ಲ ಅಂದರು. ನರವನ್ನು ಬಿಡಿಸಿದ್ದೇವೆ, ಆದರೆ ಅದು ಸೋತಿದೆ ಅಂದರು. ಅತ್ತೆಗೆ ಎಚ್ಚರವಾಗಿ ನನ್ನನ್ನು ಕರೆಯಲು ಬಾಯಿ ತೆರೆದಾಗ ಬಂದದ್ದು ಬರೀ ಗಾಳಿ.

ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಸುಳ್ಳು ಸಾಕ್ಷಿ ಹೇಳಿದಾಗ ದನಿ ಹೋಗಿದ್ದರೆ ಏನೋ ಅನ್ನಬಹುದಿತ್ತು. ಎಲ್ಲರ ಮುಂದೆ ಮಾನ ಬಿಟ್ಟು ನಿಜ ಹೇಳಿದವಳಿಗೆ ಇದೇನಾ ನೀನು ಕೊಡುವುದು ಅಂತ ಕೇಳಿದೆ. ಬಾಯಿಬಿಟ್ಟೇ ಕೇಳಿದೆ, ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದ ಹೆಂಗಸು ಸ್ವಲ್ಪ ದೂರ ಸರಿದಳು. ಹನ್ನೊಂದು ವರ್ಷದಲ್ಲಿ ನಾನು ದೇವರೊಡನೆ ಅಷ್ಟು ಹೊತ್ತು ಮಾತಾಡಿದ್ದು ಅವತ್ತೇ.

ಅತ್ತೆಯ ಶಾಂತಿ ಕಂಡು ನನಗೆ ಇನ್ನಷ್ಟು ರೇಗುತ್ತಿತ್ತು. ಗಂಜಿ ಕೊಟ್ಟರೆ ಕುಡಿಯುತ್ತಾರೆ, ಮಲಗು ಅಂದರೆ ಮಲಗುತ್ತಾರೆ, ಸುಮ್ಮನೆ ಕೂತಾಗ ತುಟಿ ಅಲ್ಲಾಡುತ್ತಿರುತ್ತದೆ, ಬೆರಳು ಮಂಚದ ಅಂಚಿನ ಮೇಲೆ ತಾಳ ಹಾಕುತ್ತಿರುತ್ತದೆ. ಒಂದು ದಿನ ತಲೆ ಬಾಚುತ್ತಾ, ನಿಮಗೆ ಸಿಟ್ಟೇ ಬರುವುದಿಲ್ಲವಾ ಅತ್ತೆ ಅಂತ ಕೇಳಿಯೇಬಿಟ್ಟೆ. ನನ್ನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡರು. ಪಿಸುಮಾತು ಮಾತ್ರ ಉಳಿದಿತ್ತು, ಅದೂ ಕಿವಿಗಂಟಿಕೊಂಡರೆ ಕೇಳುವಷ್ಟು.

"ಬರ್ತೈತೆ. ಬಂದಾಗ ಅವನಿಗೇ ಹೇಳ್ತೀನಿ. ಇನ್ಯಾರಿಗೆ ಹೇಳ್ಲಿ?"

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಮಾಡಿದ್ದೂ ಅದನ್ನೇ. ಆದರೆ ಅದಕ್ಕೆ ಪ್ರಾರ್ಥನೆ ಅನ್ನುತ್ತಾರೆ ಅಂತ ನನಗೆ ಹೊಳೆದಿರಲಿಲ್ಲ.

ಆಪರೇಷನ್ ಆಗಿ ಆರು ವಾರಕ್ಕೆ ಅತ್ತೆ ಸಭೆಗೆ ಹೊರಟರು. ಗಾಯದ ಗುರುತು ಕಾಣದಿರಲಿ ಅಂತ ನಾನು ಇನ್ನೊಂದು ಕಾಲರ್ ರವಿಕೆ ಹೊಲಿದಿಟ್ಟಿದ್ದೆ. ಅದನ್ನು ಮಡಿಸಿ ಟ್ರಂಕಿಗೆ ಹಾಕಿ ಹಳೇ ದುಂಡು ಕೊರಳಿನದನ್ನೇ ತೊಟ್ಟರು. ಅವರನ್ನು ಮುಂದೆ ಕೂರಿಸಿ ನಾನು ನನ್ನ ಜಾಗಕ್ಕೆ ಬಂದೆ. ಅಳತೆ ಪುಸ್ತಕ ತರಬೇಕಿತ್ತು, ಅಂಗಡಿಯಲ್ಲೇ ಮರೆತಿದ್ದೆ. ಪಾಸ್ಟರ್ ಮೊಬೈಲಿನಲ್ಲಿ ಯಾವುದೋ ಹಾಡು ಹಾಕಿ ಜೊತೆಗೆ ಹಾಡಿ ಅಂದ. ಮೊಬೈಲು ಒಂದು ಕಡೆ ಓಡಿತು, ಜನ ಇನ್ನೊಂದು ಕಡೆ ಉಳಿದರು. ಎರಡನೇ ಚರಣಕ್ಕೆ ಅವನೊಬ್ಬನೇ ಹಾಡುತ್ತಿದ್ದ.

ಸಾಕ್ಷಿಯ ಹೊತ್ತಿಗೆ ಅತ್ತೆ ಎದ್ದುನಿಂತು ಹಿಂದೆ ತಿರುಗಿದರು. ಕೈ ಬೀಸಿ ನನ್ನನ್ನು ಕರೆದರು. ನಾನು ತಲೆ ಅಲ್ಲಾಡಿಸಿದೆ. ಅವರು ಕೈ ಇಳಿಸಲಿಲ್ಲ. ಮನೆಯಲ್ಲೂ ಹಾಗೇ, ಕರೆದರೆ ಬರುವವರೆಗೆ ಬಿಡುವ ಪೈಕಿ ಅಲ್ಲ. ಎದ್ದು ನಲವತ್ತು ಜನರನ್ನು ದಾಟಿ ಮುಂದೆ ಹೋದೆ, ಹನ್ನೊಂದು ವರ್ಷದ ಮೇಲೆ. ನನ್ನ ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಹೇಳತೊಡಗಿದರು. ನಾನು ಅದನ್ನು ಜೋರಾಗಿ ಹೇಳಬೇಕು, ಹಾಡಿನ ಸಾಲು ತಿರುಗಿಸಿ ಹೇಳುವ ಹಾಗೆ.

"ಗಂಟು ತೆಗೆದ್ರು. ದನಿ ಹೋತು. ತಿರುಗಿ ಬರ್ತೈತೋ ಇಲ್ವೋ ಗೊತ್ತಿಲ್ಲ. ಬರ್ತೈತೆ ಅಂತ ನಾನಂತೂ ಇವತ್ತು ಹೇಳಲ್ಲ."

ಒಂದಿಬ್ಬರು ನಕ್ಕರು. ಅತ್ತೆಯೂ ನಕ್ಕರು, ಸದ್ದಿಲ್ಲದೆ.

"ಆಪರೇಷನ್ ಟೇಬಲ್ ಮ್ಯಾಲೆ ಮಲಗಿಸಿದಾಗ ಭಾಳ ಹೆದರಿದ್ದೆ. ಮನಸಿನಾಗೆ ಹಾಡಾಕೆ ನೋಡಿದೆ, ಒಂದು ಸಾಲೂ ನೆನಪಾಗ್ಲಿಲ್ಲ. ಅವನ ಹೆಸರೊಂದು ನೆನಪಿತ್ತು. ಅಷ್ಟೇ ಸಾಕಾತು. ಈಗ್ಲೂ ಅಷ್ಟೇ ಸಾಕು."

ಇಲ್ಲಿಯವರೆಗೆ ನನ್ನ ದನಿ ಸರಿಯಾಗಿಯೇ ಇತ್ತು. ಆಮೇಲೆ ಅತ್ತೆ ಉಸಿರು ಎಳೆದುಕೊಂಡು ಮುಂದಿನದನ್ನು ಹೇಳಿದರು. ನಾನು ತಿರುಗಿ ಅವರ ಮುಖ ನೋಡಿದೆ. ಹೇಳು ಅನ್ನುವ ಹಾಗೆ ಗಲ್ಲ ಎತ್ತಿದರು. ನನ್ನಿಂದಾಗಲಿಲ್ಲ. ಜನ ಕಾಯುತ್ತಿದ್ದರು. ಅತ್ತೆ ಮತ್ತೆ ಕಿವಿಗೆ ಬಾಯಿ ಇಟ್ಟು ಅದನ್ನೇ ಮೊದಲಿನಿಂದ ಹೇಳಿದರು, ಹಾಡು ಬಾರದವರಿಗೆ ಎರಡನೇ ಸಲ ಹೇಳಿಕೊಡುವ ಹಾಗೆ, ನಿಧಾನವಾಗಿ. ನಾನು ಹೇಳಿದೆ.

"ಹನ್ನೊಂದು ವರ್ಷದ ಹಿಂದೆ ಈ ನನ್ನ ಸೊಸೆ ಕೈ ಹಿಡ್ದು ಎಬ್ಬಿಸಿ, ಮಗು ಆಗ್ತೈತೆ ಅಂತ ಹೇಳಿಸಿದೆ. ಆಗ್ಲಿಲ್ಲ. ಆಮ್ಯಾಲೆ ಒಂದಿನಾನೂ, ಹೆಂಗಿದ್ದೀಯವ್ವಾ ಅಂತ ಕೇಳ್ಲಿಲ್ಲ. ತಪ್ಪು ನಂದು, ಅವಳ್ದಲ್ಲ. ಆ ಹೊಲಿಗೆ ಇವತ್ತು ನಾನು ಬಿಚ್ತೀನಿ."

ಕೊನೆಯ ಮಾತು ಬರುವಷ್ಟರಲ್ಲಿ ನನ್ನ ದನಿಯೂ ಅತ್ತೆಯದರಷ್ಟೇ ಆಗಿತ್ತು. ತಲೆ ಎತ್ತಲಾಗಲಿಲ್ಲ. ಹನ್ನೊಂದು ವರ್ಷ ನೇತಾಡುತ್ತಿದ್ದದ್ದು ಇಳಿಯಿತು ಅನ್ನುವುದು ಮಾತ್ರ ಗೊತ್ತಾಯಿತು. ಮಗು ಬರಲಿಲ್ಲ, ಇನ್ನು ಬರುವುದೂ ಇಲ್ಲ. ಆದರೂ ಎದೆಯಲ್ಲಿ ಜಾಗವಾಯಿತು, ಉಸಿರು ಆಡಿತು. ಇದನ್ನೇ ಸಮಾಧಾನ ಅನ್ನುತ್ತಾರಾದರೆ ನನಗೆ ಅವತ್ತು ಸಮಾಧಾನ ಸಿಕ್ಕಿತು, ಕೇಳಿದ್ದು ಸಿಗದೆಯೇ ಸಿಕ್ಕಿತು.

ಶಂಕರಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ನನ್ನ ಇನ್ನೊಂದು ಪಕ್ಕ ನಿಂತಳು. ನನ್ನ ಸೆರಗು ಹೆಗಲಿಂದ ಜಾರಿತ್ತು, ಅದನ್ನು ಎತ್ತಿ ಸರಿ ಮಾಡಿದಳು. ಆ ಕುಲಾವಿ ಇನ್ನೂ ನನ್ನ ಅಂಗಡಿಯ ಗುಂಡಿ ಡಬ್ಬಿಯ ಕೆಳಗಿದೆ ಅಂತ ಅವಳಿಗೆ ಹೇಳಬೇಕು ಅನಿಸಿತು. ಇನ್ನೊಂದು ದಿನ ಹೇಳಿದರಾಯಿತು ಅಂದುಕೊಂಡೆ.

ಅತ್ತೆ ನನ್ನ ಭುಜ ತಟ್ಟಿ ಕಿವಿಯಲ್ಲಿ ಒಂದು ಸಾಲು ಹೇಳಿದರು. ಈ ಸಲ ಅದು ಹಾಡು, ನಾಟಿ ಗದ್ದೆಯಲ್ಲಿ ಅವರೇ ಕಟ್ಟಿದ್ದು. ನನಗೆ ಸ್ವರ ಅನ್ನುವುದು ಯಾವತ್ತೂ ಒಲಿದಿಲ್ಲ, ನಾನು ಹಾಡಿದರೆ ಪರಶುರಾಮ್ ಎದ್ದು ಹೊರಗೆ ಹೋಗುತ್ತಾನೆ. ಆದರೂ ಹೇಳಿದೆ. ನಲವತ್ತು ಜನ ಅದನ್ನು ಎತ್ತಿಕೊಂಡು ಸರಿಯಾದ ಧಾಟಿಗೆ ತಂದು ಹಾಡಿದರು. ಮತ್ತೊಂದು ಸಾಲು ಕಿವಿಗೆ ಬಂತು. ನಾನು ತಪ್ಪಿದಲ್ಲೆಲ್ಲ ಅತ್ತೆಯ ಬೆರಳು ನನ್ನ ಹೆಗಲನ್ನು ಚಿವುಟಿತು. ಆರು ಹಾಡು ಮುಗಿಯುವಷ್ಟರಲ್ಲಿ ಹೆಗಲು ಕೆಂಪಾಗಿತ್ತು.

ಮುಗಿದ ಮೇಲೆ ಎಲ್ಲರೂ ಬಂದು ಅತ್ತೆಯ ಕೈ ಹಿಡಿದರು, ನನ್ನದನ್ನೂ ಹಿಡಿದರು. ಎಲ್ಲರನ್ನೂ ಮಾತಾಡಿಸಿ ನಾವು ಬಾಗಿಲಿಗೆ ಬಂದಾಗ ಹಾಲ್ ಹೆಚ್ಚುಕಮ್ಮಿ ಖಾಲಿಯಾಗಿತ್ತು. ಅತ್ತೆ ತಮ್ಮ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿನಲ್ಲಿ ನಿಂತು ನನಗಾಗಿ ಕಾದರು. ನನ್ನ ಎಡಗಾಲಿನದು ಸಿಕ್ಕಿತು, ಬಲಗಾಲಿನದನ್ನು ಬಹಳ ಹೊತ್ತು ಹುಡುಕಬೇಕಾಯಿತು.